ವಿಮಾನ ನಿಲ್ದಾಣದ ವೈಫೈಗೆ ಒಟಿಪಿ ಅಡ್ಡಿ

ನಮ್ಮ ವಿಮಾನ ನಿಲ್ದಾಣಗಳಲ್ಲಿ ಉಚಿತ ವೈಫೈ ಇದೆ. ಆದರೆ ದೇಶ ನೋಡಲು ಬಂದ ವಿದೇಶಿಯರಿಗೇ ಅದು ಸುಲಭವಾಗಿ ಸಿಗುವುದಿಲ್ಲ. ಕಾರಣ, ಮೊಬೈಲಿಗೆ ಬರುವ ಒಟಿಪಿ. ರೋಮಿಂಗ್ ಆಫ್ ಮಾಡಿಕೊಂಡು ಇಳಿದವರಿಗೆ ಅದು ಬರುವುದೇ ಇಲ್ಲ. ರೋಮಿಂಗ್ ಇದ್ದರೂ ಸಂದೇಶ ತಡವಾದರೆ ಒಟಿಪಿಯ ಅವಧಿ ಮುಗಿದಿರುತ್ತದೆ. ಕೆಲವು ಫೋನ್‌ಗಳಲ್ಲಂತೂ ಸಂದೇಶ ನೋಡಲು ಹೋದರೆ ಲಾಗಿನ್ ಪುಟವೇ ಮುಚ್ಚಿಕೊಳ್ಳುತ್ತದೆ.

ಬಳಕೆದಾರರ ಗುರುತು ದಾಖಲಾಗಬೇಕು ಎಂಬುದು ದೂರಸಂಪರ್ಕ ಇಲಾಖೆಯ 2009ರ ಸೂಚನೆ. ಭದ್ರತೆಗೆ ಅದು ಬೇಕು, ಸರಿ. ಆದರೆ ಫೋಟೊ ಗುರುತಿನ ದಾಖಲೆಗೂ ಅದರಲ್ಲಿ ಅವಕಾಶವಿದೆ. ಪಾಸ್‌ಪೋರ್ಟ್ ಸ್ಕ್ಯಾನ್ ಮಾಡಿ ಪಾಸ್‌ವರ್ಡ್ ಕೊಡುವ ಯಂತ್ರಗಳು ಕೆಲವೆಡೆ ಈಗಾಗಲೇ ಇವೆ. ಅವು ಇರಬೇಕಾದದ್ದು ಇಮಿಗ್ರೇಷನ್ ಸಾಲಿಗೂ ಮೊದಲು. ಹೋಟೆಲ್ ವಿಳಾಸ, ವೀಸಾ ಪ್ರತಿ ಬೇಕಾಗುವುದು ಅಲ್ಲೇ ತಾನೆ!

ಇನ್ನೊಂದು ತೊಡಕು ಕಣ್ಣಿಗೆ ಕಾಣುವುದಿಲ್ಲ. ವೈಫೈಗೆ ಸೇರುವ ಪ್ರತಿ ಫೋನಿಗೂ ಒಂದು ಐಪಿ ವಿಳಾಸ, ಅಂದರೆ ನೆಟ್‌ವರ್ಕ್‌ನಲ್ಲಿ ಅದನ್ನು ಗುರುತಿಸುವ ಸಂಖ್ಯೆ ಬೇಕು. ಒಂದು ಸಾಮಾನ್ಯ ಸಬ್‌ನೆಟ್‌ನಲ್ಲಿ (ನೆಟ್‌ವರ್ಕ್‌ನ ಒಂದು ಭಾಗದಲ್ಲಿ) ಸಿಗುವುದು 254 ವಿಳಾಸ ಮಾತ್ರ. ರಾತ್ರಿ ಎರಡು ದೊಡ್ಡ ವಿಮಾನ ಒಟ್ಟಿಗೆ ಇಳಿದರೆ ಅವು ಖಾಲಿ. ಆಗ ಸಿಗ್ನಲ್ ಪೂರ್ತಿ ತೋರಿಸುತ್ತದೆ, ಇಂಟರ್‌ನೆಟ್ ಬರುವುದಿಲ್ಲ. 2,046 ವಿಳಾಸಗಳ ಸಬ್‌ನೆಟ್ ಇಟ್ಟು, ಒಂದು ಫೋನಿಗೆ ಕೊಟ್ಟ ವಿಳಾಸದ ಅವಧಿಯನ್ನು ಒಂದು ಗಂಟೆಗೆ ಇಳಿಸಿದರೆ ಇದು ತಪ್ಪುತ್ತದೆ. ಹೆಚ್ಚು ಖರ್ಚಿನ ಕೆಲಸವೇನಲ್ಲ.

ಲಾಗಿನ್ ಆದ ಮೇಲೆ ತೆರೆಯುವ ಪುಟದಲ್ಲಿ ಈಗ ಜಾಹೀರಾತೇ ಹೆಚ್ಚು. ಬೆಂಗಳೂರಿನಲ್ಲಾದರೂ ಅಲ್ಲಿ 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ ಬೇಲೂರು, ಹಳೇಬೀಡು, ಸೋಮನಾಥಪುರದ ಚಿತ್ರ, ಬಸ್ ವೇಳಾಪಟ್ಟಿ, ಪ್ರವಾಸಿ ಸಹಾಯವಾಣಿ 1363 ಇರಲಿ.

— ಒಬ್ಬ ನೆಟ್‌ವರ್ಕ್ ಎಂಜಿನಿಯರ್, ಬೆಂಗಳೂರು