ಹೆಸರು ಉಳಿದಿದೆ, ನಾಟಕ ಮರೆತಿದೆ

ಸಂಪಾದಕರೇ,

ಕಾರವಾರದ ಕಡಲತೀರಕ್ಕೆ ರವೀಂದ್ರನಾಥ ಟ್ಯಾಗೋರರ ಹೆಸರಿದೆ. ಯಾಕೆಂದು ಅಲ್ಲಿ ಸಂಜೆ ಗಾಳಿಗೆ ಕೂತವರನ್ನು ಕೇಳಿದರೆ ಹಲವರು ತಲೆ ಕೆರೆದುಕೊಂಡಾರು. 1883ರಲ್ಲಿ ಇಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದಾಗ ಕವಿಗೆ 22ರ ಪ್ರಾಯ. ನೊಬೆಲ್‌ಗೆ ಇನ್ನೂ 30 ವರ್ಷವಿತ್ತು. ಬೆಳದಿಂಗಳಲ್ಲಿ ಕಾಳಿ ನದಿಯ ಮೇಲೆ ದೋಣಿಯಲ್ಲಿ ಸಾಗಿದ್ದನ್ನು ಆತ್ಮಕಥನದಲ್ಲಿ ಮನಸಾರೆ ನೆನೆದಿದ್ದಾರೆ. ‘ಪ್ರಕೃತಿರ್ ಪ್ರತಿಶೋಧ್’ ನಾಟಕ ಬರೆದದ್ದೂ ಇಲ್ಲೇ. ಲೋಕದ ನಂಟೆಲ್ಲ ಕಡಿದುಕೊಂಡೆ ಎಂದು ಬೀಗುವ ಸನ್ಯಾಸಿಯನ್ನು ಪುಟ್ಟ ಹುಡುಗಿಯೊಬ್ಬಳ ಪ್ರೀತಿ ಮತ್ತೆ ಲೋಕಕ್ಕೆ ಎಳೆದು ತರುವ ಕಥೆ. ತಮ್ಮ ಮುಂದಿನ ಬರವಣಿಗೆಗೆಲ್ಲ ಇದೇ ಪೀಠಿಕೆ ಎಂದು ಸ್ವತಃ ಅವರೇ ಬರೆದುಕೊಂಡಿದ್ದಾರೆ. ಅದನ್ನು ಕಾರವಾರದ ಕಾಲೇಜು ಮಕ್ಕಳು ವರ್ಷಕ್ಕೊಮ್ಮೆಯಾದರೂ, ಕನ್ನಡದಲ್ಲೋ ಕೊಂಕಣಿಯಲ್ಲೋ, ಅದೇ ಮರಳಿನ ಮೇಲೆ ಆಡಬಾರದೇಕೆ?

– ಓದುಗ, ಉತ್ತರ ಕನ್ನಡ