ಮಗಳ ಭೇದಿ, ನನ್ನ ರಕ್ತಹೀನತೆ: ಋಣ ನೆನೆಯುವ ಮಾತು

ಕಳೆದ ವಾರದ ವರದಿಯಲ್ಲಿ ನನ್ನ ಹಿಮೋಗ್ಲೋಬಿನ್ 12.3 ಎಂದಿತ್ತು. ಎರಡು ವರ್ಷಗಳ ಹಿಂದೆ ಅದು 7.1 ಇತ್ತು. ಈ ಅವಧಿಯಲ್ಲಿ ನಮ್ಮ ಕೈಹಿಡಿದವರಿಗೆ ಕಲಬುರಗಿಯ ನಮ್ಮ ಮನೆಯಿಂದ ಕೃತಜ್ಞತೆ ಸಲ್ಲಿಸಲು ಇದನ್ನು ಬರೆಯುತ್ತಿದ್ದೇನೆ.

ಗೋಧಿಯಂಥ ಧಾನ್ಯಗಳಲ್ಲಿರುವ ಗ್ಲುಟನ್ ಎಂಬ ಪ್ರೋಟೀನ್ ತಿಂದಾಗ ದೇಹದ ರೋಗನಿರೋಧಕ ವ್ಯವಸ್ಥೆಯೇ ಸಣ್ಣ ಕರುಳಿಗೆ ಹಾನಿ ಮಾಡುವ ಸೀಲಿಯಾಕ್ ಕಾಯಿಲೆ ಮೊದಲು ಪತ್ತೆಯಾದದ್ದು ಎಂಟು ವರ್ಷದ ನನ್ನ ಮಗಳಲ್ಲಿ. ತಿಂಗಳುಗಟ್ಟಲೆ ನಿಲ್ಲದ ಭೇದಿ, ಉಬ್ಬಿದ ಹೊಟ್ಟೆ ಮತ್ತು ಏರದ ತೂಕವನ್ನು ಗಮನಿಸಿ ಈ ಕಾಯಿಲೆಯಲ್ಲಿ ಏರುವ ಪ್ರತಿಕಾಯಗಳನ್ನು ಅಳೆಯುವ ಟಿಟಿಜಿ ರಕ್ತಪರೀಕ್ಷೆ ಮಾಡಿಸಿದ ಮಕ್ಕಳ ವೈದ್ಯರು, ಈ ಕಾಯಿಲೆ ರಕ್ತಸಂಬಂಧಿಗಳಲ್ಲಿಯೂ ಇರಬಹುದೆಂದು ತಿಳಿಸಿ, "ನೀವೂ ಒಮ್ಮೆ ಪರೀಕ್ಷೆ ಮಾಡಿಸಿಕೊಳ್ರಿ ಅಮ್ಮಾ, ಅಲ್ಲಿತನಕ ಗೋಧಿ ಬಿಡಬ್ಯಾಡ್ರಿ" ಎಂದರು. ಗೋಧಿ ಬಿಟ್ಟರೆ ಪರೀಕ್ಷೆಯೇ ದಾರಿ ತಪ್ಪುತ್ತದೆ ಎಂಬುದು ನನಗೆ ಆಗ ತಿಳಿದಿರಲಿಲ್ಲ. ಆ ಒಂದು ಮಾತಿಗೆ ನಾನು ಅವರಿಗೆ ಸದಾ ಋಣಿ.

ನನಗೆ ಎಂದೂ ಭೇದಿಯಾಗಿರಲಿಲ್ಲ. "ರಕ್ತ ಕಮ್ಮಿ ಅದ" ಎಂದು ಆರು ವರ್ಷ ಕಬ್ಬಿಣದ ಮಾತ್ರೆ ನುಂಗಿದ್ದೆ, ಅಷ್ಟೆ. ಎಂಡೋಸ್ಕೋಪಿಯಲ್ಲಿ ತೆಗೆದ ಕರುಳಿನ ಚೂರುಗಳ ವರದಿ ಬಂದಾಗ, ಕರುಳಿನ ಹಾನಿಯನ್ನು ಅಳೆಯುವ ಮಾರ್ಷ್ ಶ್ರೇಣಿಯಲ್ಲಿ ಮಗಳದು 3ಎ, ನನ್ನದು 3ಸಿ; ಎಂದರೆ ಆಹಾರ ಹೀರುವ ಬೆರಳಿನಂಥ ಎಳೆಗಳು ನನ್ನ ಕರುಳಿನಲ್ಲಿ ಪೂರ್ತಿ ಸವೆದು ಮಟ್ಟಸವಾಗಿದ್ದವು. ನರಳುತ್ತಿದ್ದ ಮಗುವಿಗಿಂತ ಅಡುಗೆ ಮಾಡಿಕೊಂಡು ಓಡಾಡುತ್ತಿದ್ದ ತಾಯಿಯದೇ ಹೆಚ್ಚು ಹಾಳಾಗಿತ್ತು.

ಇದು ಹೇಗೆ ಸಾಧ್ಯವೆಂದು ಕೇಳಿದಾಗ ಕರುಳಿನ ತಜ್ಞರು ಔಷಧ ಚೀಟಿಯ ಹಿಂಬದಿಯಲ್ಲಿ ಚಿತ್ರ ಬರೆದು ತೋರಿಸಿದರು. ಕಬ್ಬಿಣದ ಅಂಶವನ್ನು ಹೀರುವುದು ಮುಖ್ಯವಾಗಿ ಸಣ್ಣ ಕರುಳಿನ ಮೊದಲ ಭಾಗ. ಗ್ಲುಟನ್‌ನಿಂದ ಹೆಚ್ಚಾಗಿ ಹಾನಿಗೊಳ್ಳುವುದೂ ಅದೇ ಭಾಗ. ಕೆಳಗಿನ ಉದ್ದನೆಯ ಕರುಳು ಉಳಿದ ಕೆಲಸವನ್ನು ತೂಗಿಸಿಕೊಂಡು ಹೋದರೆ ಭೇದಿ ಆಗದೆಯೂ ಇರಬಹುದು. ಭೇದಿಯಿಂದ ಬಂದವರಿಗಿಂತ ರಕ್ತಹೀನತೆಯಿಂದ ಬಂದವರಲ್ಲಿ ಕಾಯಿಲೆ ಹೆಚ್ಚು ತೀವ್ರವಾಗಿರುವುದನ್ನು ಕೆಲವು ಅಧ್ಯಯನಗಳು ಕಂಡಿವೆಯೆಂದೂ, ಆದರೆ ಅದನ್ನೇ ನಿಯಮವೆಂದು ತಿಳಿಯದೆ ಕರುಳಿನ ಸ್ಥಿತಿಯನ್ನು ಪರೀಕ್ಷೆಯಿಂದಲೇ ಅರಿಯಬೇಕೆಂದೂ ಅವರು ಹೇಳಿದರು. ಆ ಚೀಟಿ ಇನ್ನೂ ನನ್ನ ಬಳಿ ಇದೆ.

ಜೋಳ, ಸಜ್ಜೆಗಳಲ್ಲಿ ಗ್ಲುಟನ್ ಇಲ್ಲದ್ದರಿಂದ ರೊಟ್ಟಿಯ ಈ ಸೀಮೆಯಲ್ಲಿ ಪಥ್ಯ ಸುಲಭವೆಂದುಕೊಂಡಿದ್ದೆವು. ಆದರೆ ಗೋಧಿ ಬೀಸಿದ ಗಿರಣಿಯಲ್ಲೇ ಜೋಳವನ್ನೂ ಬೀಸುತ್ತಾರೆ; ಅಂಗಡಿಯ ಇಂಗಿನಲ್ಲಿಯೂ ಗೋಧಿಹಿಟ್ಟು ಬೆರೆತಿರುವುದುಂಟು. ವಾರಕ್ಕೊಂದು ದಿನ ನಸುಕಿನಲ್ಲಿ ಬಂದು, ಕಲ್ಲು ಒರೆಸಿ, ಮೊದಲ ಎರಡು ಕಿಲೋ ಹಿಟ್ಟನ್ನು ಎಮ್ಮೆಗೆ ತೆಗೆದಿಟ್ಟು, ನಂತರ ನಮ್ಮ ಜೋಳ ಹಾಕುವ ಗಿರಣಿಯ ಅಣ್ಣನವರಿಗೆ ಯಾವ ಮಾತಿನಲ್ಲಿ ವಂದಿಸಲಿ? ಎಪ್ಪತ್ತರ ವಯಸ್ಸಿನಲ್ಲಿ ಗೋಧಿ ಹುಗ್ಗಿಯನ್ನೂ ಹೋಳಿಗೆಯನ್ನೂ ಮನೆಯಿಂದ ಹೊರಗಿಟ್ಟ ಅತ್ತೆಯವರಿಗೂ ನನ್ನ ನಮಸ್ಕಾರಗಳು.

ಮಗಳು ಈಗ ಐದು ಕಿಲೋ ತೂಕ ಹೆಚ್ಚಿಸಿಕೊಂಡಿದ್ದಾಳೆ. ನನ್ನ ಟಿಟಿಜಿ ಸಹಜ ಮಟ್ಟಕ್ಕೆ ಇಳಿದಿದೆ. ಇದೇ ಕಾಯಿಲೆಯಿಂದಾದ ನನ್ನ ಮೂಳೆಗಳ ಸವೆತ ಮಾತ್ರ ಇನ್ನೂ ತುಂಬಿ ಬಂದಿಲ್ಲ, ಕ್ಯಾಲ್ಸಿಯಂ ಮಾತ್ರೆ ಮುಂದುವರಿದಿದೆ. ಅವಳ ಭೇದಿಯ ನೆಪದಿಂದಲೇ ನನ್ನ ಕಾಯಿಲೆ ಬೆಳಕಿಗೆ ಬಂದಿತೆಂದು ಹೇಳಿದರೆ, "ಹಂಗಾದ್ರ ನನಗೂ ಥ್ಯಾಂಕ್ಸ್ ಬರಿ ಅವ್ವಾ" ಎನ್ನುತ್ತಾಳೆ. ಬರೆದಿದ್ದೇನೆ.