ಸೈಕಲ್ ನಿಲ್ಲಿಸಿ ಒಳಗೆ ಬಂದವರಿಗೆ

ಹೊಸ ಮನೆಗೆ ಬಂದು ಮೂರೇ ದಿನ. ಹಿತ್ತಲ ತುಂಬಾ ಕಾಂಗ್ರೆಸ್ ಗಿಡ. ಗೊತ್ತಿಲ್ಲದೆ ಎಲ್ಲರೂ ಬರಿಗೈಯಲ್ಲೇ ಕೀಳಲು ಇಳಿದೆವು. ಸ್ವಲ್ಪ ಹೊತ್ತಿಗೆ ಮಗಳ ಕೈಯೆಲ್ಲ ಕೆಂಪಾಗಿ, ತುರಿಕೆ ತಡೆಯಲಾರದೆ ಅಳತೊಡಗಿದಳು. ನಮಗೆ ಕೈಕಾಲೇ ಆಡಲಿಲ್ಲ.

ಅಳು ಕೇಳಿ ನೀವು ಸೈಕಲ್ ನಿಲ್ಲಿಸಿದಿರಿ. "ಉಜ್ಜಬೇಡ ಪುಟ್ಟಿ, ಸೋಪು ಹಾಕಿ ತೊಳೆಯೋಣ" ಎಂದು ನೀವೇ ನೀರು ಹೊಯ್ದಿರಿ. ಅವಳು ಸುಮ್ಮನಾಗುವವರೆಗೂ ಪಕ್ಕದಲ್ಲೇ ಕೂತಿದ್ದಿರಿ. ಆಮೇಲೆ ನಿಮ್ಮ ಚೀಲದಿಂದ ಕೈಗವಸು ತೆಗೆದು ನನಗೆ ಕೊಟ್ಟಿರಿ. ನೆಲ ನೆನೆಸಿ, ಹೂ ಬಿಡುವ ಮೊದಲೇ ಬೇರುಸಹಿತ ಕೀಳಬೇಕು, ಇಲ್ಲದಿದ್ದರೆ ಬೀಜ ಉದುರಿ ಮತ್ತೆ ಹುಟ್ಟುತ್ತದೆ ಅಂತ ಒಂದು ಗಿಡ ಕಿತ್ತೇ ತೋರಿಸಿದಿರಿ.

ಸಂಜೆಗೆ ತುರಿಕೆ ಇಳಿಯಿತು. ಆಗಲೇ ನನಗೆ ಉಸಿರು ಬಂದಿದ್ದು. ನಿಮ್ಮ ಹೆಸರೂ ಕೇಳಲಿಲ್ಲ. ಕೈಗವಸು ತೊಳೆದು ಗೇಟಿನ ಪಕ್ಕ ಇಟ್ಟಿದ್ದೇವೆ. ತುಂಬಾ ಥ್ಯಾಂಕ್ಸ್.